ಅಮ್ಮ ಹೇಳಿದ ‘ಎರಡು’

ಜುಲೈ ಹನ್ನೆರಡು, ಶನಿವಾರ, ಬೆಳಿಗ್ಗೆ ಏಳೂಕಾಲು. ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಗಿ ಮಲಗಿದ್ದ ನನ್ನ ಅಮ್ಮನ ಬಳಿಗೆ ಕಿರಿಯ ವೈದ್ಯೆಯೊಬ್ಬರು ಬಂದರು. ಆಪರೇಷನ್ ನಂತರ ನೋವು ತಗ್ಗಿಸಲು ಕೊಡುವ ಒಂದು ಚುಚ್ಚುಮದ್ದಿನ ಬಗ್ಗೆ ಅವರು ಅಧ್ಯಯನ ನಡೆಸುತ್ತಿದ್ದರು. ಅಮ್ಮನೂ ಒಪ್ಪಿ ಅದಕ್ಕೆ ಸೇರಿದ್ದರು.

“ಅಮ್ಮಾ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಉಂಟು?”

“ಎರಡು, ಮಗಾ.”

ಹಿಂದಿನ ಸಂಜೆಯಿಂದ ಇದು ಮೂರನೆಯ ಸಲ, ಅದೇ ಉತ್ತರ. ಆದರೆ ಹೊದಿಕೆಯ ಅಡಿಯಲ್ಲಿ ಅಮ್ಮನ ಬೆರಳುಗಳು ನನ್ನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದವು.

ವೈದ್ಯೆ ಬಾಗಿಲು ದಾಟಿದ ಮೇಲೆ, ಸುಳ್ಳು ಯಾಕೆ ಹೇಳಿದ್ದೆಂದು ಕೇಳಿದೆ.

“ಹೆಚ್ಚು ಹೇಳಿದ್ರೆ ಅವಳ ಮದ್ದು ಸರಿ ಇಲ್ಲ ಅಂತ ಆಗ್ತದಲ್ಲ ಮಾರಾಯ್ತಿ. ಪಾಪ, ಇನ್ನೂ ಕಲಿಯುವ ಹುಡುಗಿ. ಮಾರ್ಕು ಕಮ್ಮಿ ಆದ್ರೆ?”

ಓಡಿಹೋಗಿ ವೈದ್ಯೆಯನ್ನು ಕರೆತಂದೆ. ಅವರು ಮಂಚದ ಅಂಚಿನಲ್ಲಿ ಕುಳಿತು, “ನನಗೆ ಎಂತದೂ ಆಗುದಿಲ್ಲ ಅಮ್ಮಾ. ಇದ್ದದ್ದನ್ನು ಇದ್ದ ಹಾಗೆ ಹೇಳಿ” ಎಂದರು. ಅಮ್ಮ ತಪ್ಪು ಒಪ್ಪಿಕೊಳ್ಳುವವರಂತೆ ಮುಖ ತಿರುಗಿಸಿ, “ಒಂಬತ್ತು” ಎಂದರು.

ಸ್ಕ್ಯಾನ್ ಮಾಡಿದಾಗ ಹೊಟ್ಟೆಯೊಳಗೆ ರಕ್ತ ಸೋರಿ ನಿಂತಿರುವುದು ಕಂಡಿತು. ಕೂಡಲೇ ಅಮ್ಮನನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ದರು.

ಅಮ್ಮ ಈಗ ನಮ್ಮೂರು ಪೆರ್ಲದ ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ. ನೋವು ಎಷ್ಟೆಂದು ಕೇಳಿದರೆ ಈಗಲೂ ‘ಎರಡು’ ಎನ್ನುತ್ತಾರೆ; ನಾನು ಅವರ ಕೈ ನೋಡುತ್ತೇನೆ. ಕೇಳಿದವರಿಗೆ ಬೇಸರವಾಗದಿರಲಿ ಎಂದು ನೋವನ್ನು ಕಡಿಮೆ ಮಾಡಿ ಹೇಳುವವರ ಬಾಯಿಂದ ನಿಜ ಹೊರಡಿಸುವ ದಾರಿ ಬಲ್ಲ ವೈದ್ಯರು, ದಾದಿಯರು ಇದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ.