ಹನ್ನೊಂದು ಬಾಗಿಲ ರಂಗೋಲಿ

ನಿಡುಗಲ್ಲಿನ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಹನ್ನೊಂದು ಮನೆಗಳಿವೆ. ಜನ ಇರುವುದು ಒಂದರಲ್ಲೇ. ಹಳೇ ಮನೆ ಖಾಲಿ ಮಾಡಿದವರಿಗೆ ಸೈಟು ಎಂದು ಸರ್ಕಾರ ಹೇಳಿದ್ದೇ ತಡ, ಉಳಿದವರೆಲ್ಲ ಕೆಳಗೆ ಟಾರು ರಸ್ತೆಯ ಪಕ್ಕ ಸೇರಿದರು. ತಪ್ಪೇನಿಲ್ಲ, ಕಣಿವೆಗೆ ಬಸ್ಸು ಹತ್ತುವುದಿಲ್ಲ. ರಾಮಾಂಜಿನಮ್ಮನ ತಮ್ಮ ತಿಪ್ಪೇಶನೂ ಹೆಂಡತಿ ಮಕ್ಕಳೊಂದಿಗೆ ಇಳಿದ. ಗಂಡ ಸತ್ತ ಮೇಲೆ ತವರಿಗೆ ಬಂದ ಅಕ್ಕನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. "ಅಲ್ಲಿ ಮೇಕೆ ಎಲ್ಲಿ ಕಟ್ಟಾದು? ನೀನು ಇಲ್ಲೇ ಇರಕ್ಕ" ಅಂದ. ಅವಳು ಇದ್ದಳು.

ನೀರು ಕಾಣದ ಹೊಸಿಲು ಹಾಳು ಬೀಳುತ್ತದೆ ಅನ್ನುವುದು ಆ ಕಣಿವೆಯವರ ನಂಬಿಕೆ. ಯಾರು ಪರಊರಿಗೆ ಹೋದರೂ ಪಕ್ಕದ ಮನೆಯವರು ಅವರ ಬಾಗಿಲು ಸಾರಿಸಿ ರಂಗೋಲಿ ಎಳೆಯಬೇಕು. ಈಗ ಎಲ್ಲರಿಗೂ ಪಕ್ಕದ ಮನೆಯವಳು ರಾಮಾಂಜಿನಮ್ಮ ಒಬ್ಬಳೇ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹನ್ನೊಂದು ಬಾಗಿಲು. ಮಾತಿಗೆ ಜನವಿಲ್ಲದೆ ಬೀಗಗಳ ಜೊತೆಗೇ ಜಗಳ. "ಏಳೇ ಸರೋಜಿ, ಹೊತ್ತು ನೆತ್ತಿಗೆ ಬಂತು" ಎಂದು ಎದುರು ಮನೆಯ ಗೆಳತಿಯ ಬಾಗಿಲಿಗೆ ಬೈಯುವಳು. ಬೈದಾದ ಮೇಲೆ ಒಮ್ಮೊಮ್ಮೆ ಅಳುವೂ ಬರುತ್ತಿತ್ತು.

ಒಂದು ಶನಿವಾರ ತಿಪ್ಪೇಶ ಏದುಸಿರು ಬಿಡುತ್ತ ಹತ್ತಿ ಬಂದ. ಅವಳಿಗೆ ಹೋದ ಜೀವ ಬಂದಂತಾಯಿತು. ಮುದ್ದೆಗೆ ಎಸರಿಟ್ಟಳು. ಅವನು ಕೂರಲೇ ಇಲ್ಲ.

"ಸರ್ವೆಯವ್ರು ಬಂದು ನೋಡ್ಕೊಂಡು ಹೋಗವ್ರೆ. ಎಲ್ಲಾ ಬಾಗ್ಲಿಗೂ ರಂಗೋಲಿ ಐತೆ, ಜನ ಇನ್ನೂ ಅಲ್ಲೇ ಅವ್ರೆ ಅಂತ ನಮ್ಮ ಹಕ್ಕುಪತ್ರ ತಡೆದ್ಬುಟ್ಟವ್ರೆ. ಸೋಮವಾರ ಸಾಹೇಬ್ರು ಬತ್ತಾರೆ. ಎಲ್ಲಾ ಅಳ್ಸಾಕ್ಬುಡು."

"ನಮ್ಮನೇದೂನಾ?"

"ನಮ್ಮನೇನೂ ಖಾಲಿ ಅಂತಾನೆ ಬರ್ಕೊಟ್ಟಿವ್ನಿ ಕಣಕ್ಕ. ಅವತ್ತೊಂದಿನ ಮೇಕೆ ಹೊಡ್ಕೊಂಡು ಬೆಟ್ಟಕ್ಕೆ ಹೋಗಿರು."

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು ಪಾಪ. ನಾಚಿಕೆಯಿಂದ ಕುಗ್ಗಿಹೋದಳು. ಭಾನುವಾರವಿಡೀ ಕೊಡಗಟ್ಟಲೆ ನೀರು ಹೊತ್ತು ಹನ್ನೊಂದು ಹೊಸಿಲನ್ನೂ ತಿಕ್ಕಿ ತೊಳೆದಳು.

ಸೋಮವಾರ ಸಾಹೇಬರು ಒಂದೊಂದೇ ಮನೆಯ ಫೋಟೊ ತೆಗೆಯುತ್ತ ಬಂದರು. ಕೊನೆಯ ಮನೆಗೆ ತಿಪ್ಪೇಶನೇ ಬೆಳಿಗ್ಗೆ ಬೀಗ ಜಡಿದಿದ್ದ. ಜಗಲಿಯ ಮೇಲೆ ಅಕ್ಕ ಕೂತಿದ್ದಳು. ಬೆಟ್ಟಕ್ಕೆ ಹೋಗಲು ಅವಳಿಗೆ ಕಾಲೇ ಬಂದಿರಲಿಲ್ಲ.

"ಈಯಮ್ಮ ಯಾರು?" ಸಾಹೇಬರು ಕೇಳಿದರು.

ಅವಳು ತಮ್ಮನ ಮುಖ ನೋಡಿದಳು. ಅವಳೇ ಎತ್ತಿ ಆಡಿಸಿದ ಹುಡುಗ.

"ಮೇಕೆ ಕಾಯೋರು ಸಾರ್" ಅಂದ ತಿಪ್ಪೇಶ. "ನೆರಳಿಗೆ ಕೂತವ್ರೆ."

ಸಾಹೇಬರು ಒಳ್ಳೆಯವರೇ. "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಮ್ಮ, ಫೋಟೊದಲ್ಲಿ ಯಾರೂ ಬರಬಾರದು" ಎಂದು ಮೆತ್ತಗೆ ಹೇಳಿದರು.

ಅವಳು ಹುಟ್ಟಿದ ಮನೆ ಅದು. ಎದ್ದು ಪಕ್ಕಕ್ಕೆ ಸರಿದಳು.

"ಇನ್ನೂ ಸ್ವಲ್ಪ" ಅಂದರು.

ಇನ್ನೂ ಸ್ವಲ್ಪ ಸರಿದಳು.