ಟೈಲರಮ್ಮನ ಅರ್ಧ ಬನ್ನು

ಗುನುಗು ಟೈಲರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಷೀನು ತುಳಿಯುತ್ತಾ ಏನಾದರೊಂದು ಹಾಡು ಗುನುಗುತ್ತಲೇ ಇರಬೇಕು ಆತನಿಗೆ. ಪಕ್ಕದಲ್ಲಿ ಕೂತು ಗುಂಡಿ ಹಚ್ಚುವ ಹೆಂಡತಿ, ಎಲ್ಲರ ಬಾಯಲ್ಲೂ ಟೈಲರಮ್ಮ, ಆ ಗುನುಗು ಕೇಳಿಯೇ ಗಂಡನ ಮನಸ್ಸು ಹೇಳಬಲ್ಲಳು.

ಹೃದಯದ ತೊಂದರೆಯಾಗಿ ಆತ ಆಸ್ಪತ್ರೆಯಿಂದ ಮರಳಿದ ಮೇಲೆ ಅಡುಗೆಮನೆ ಮಗಳ ಕೈಗೆ ಹೋಯಿತು. ಸಕ್ಕರೆ ಡಬ್ಬಿ ಅಟ್ಟ ಸೇರಿತು, ಬೆಣ್ಣೆ ಮನೆಯನ್ನೇ ಬಿಟ್ಟಿತು. ಅಪ್ಪನಿಗಿಲ್ಲದ್ದು ತನಗೂ ಬೇಡವೆಂದು ಮಗಳೂ ಸಿಹಿ ಬಿಟ್ಟಳು. ಟೈಲರು ದಿನಾ ಬರೀ ಬೇಯಿಸಿದ ತರಕಾರಿ ನುಂಗಿದ. ತೂಕ ಇಳಿಯಿತು, ರಕ್ತದೊತ್ತಡ ಇಳಿಯಿತು, ಗುನುಗೂ ನಿಂತಿತು.

ಒಂದು ದಿನ ಗಿರಾಕಿಯ ಕೋಟಿನ ಎಡತೋಳನ್ನು ಬಲಕ್ಕೆ ಹಚ್ಚಿಬಿಟ್ಟ. ಟೈಲರಮ್ಮ ತೋರಿಸಿದಾಗ ಕತ್ತರಿ ಕೆಳಗಿಟ್ಟು, "ಅಂಗಡಿ ಮುಚ್ಚೋಣ ಕಣೇ. ಬದುಕಿದೀನಿ, ಸರಿ. ಬೆಳಿಗ್ಗೆ ಎದ್ದು ಯಾವುದಕ್ಕೆ ಕಾಯ್ಲಿ?" ಎಂದ. ಸಾವಿನಿಂದ ಬಿಡಿಸಿ ತಂದವನನ್ನು ಬೇಸರಕ್ಕೆ ಬಿಟ್ಟುಕೊಡುವ ಹೆಂಗಸಲ್ಲ ಆಕೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಂಡನಿಗೆ ಪ್ರಾಣವಾದ ಬೆಣ್ಣೆ ಬನ್ನು ಕೊಡಬಹುದೇ ಎಂದು ನೇರ ಡಾಕ್ಟರನ್ನೇ ಹೋಗಿ ಕೇಳಿದಳು. ವಾರಕ್ಕೊಮ್ಮೆ ಸ್ವಲ್ಪ ತಿಂದರೆ ಪರವಾಗಿಲ್ಲ, ನಡಿಗೆ ಮಾತ್ರ ದಿನಾ ಬೇಕು ಎಂದರು. ಹಿಂದೆ ಬನ್ನು ಮಷೀನಿನ ಬಳಿಗೇ ಬರುತ್ತಿತ್ತು. ನೂಲು ಪೋಣಿಸುತ್ತಾ ಎಷ್ಟು ತಿಂದನೋ ಆತನಿಗೇ ತಿಳಿಯುತ್ತಿರಲಿಲ್ಲ.

"ಇನ್ಮೇಲೆ ಬನ್ನು ನಿಮ್ಮ ಹತ್ರ ಬರಲ್ಲ ರೀ, ನೀವೇ ಅದರ ಹತ್ರ ಹೋಗ್ಬೇಕು," ಎಂದಳು.

ದಿಬ್ಬದ ಮೇಲಿನ ಬೇಕರಿಯವರೆಗೆ ದಿನಾ ಇಬ್ಬರೂ ನಡೆದರು. ಭಾನುವಾರ ಮಾತ್ರ ಒಳಗೆ ಕೂತು ಒಂದೇ ಬೆಣ್ಣೆ ಬನ್ನು, ಅರ್ಧ ಆತನಿಗೆ, ಅರ್ಧ ಆಕೆಗೆ. ಉಳಿದ ದಿನ ಬಾಗಿಲಲ್ಲಿ ನಿಂತು ಪರಿಮಳ ಹೀರಿ ವಾಪಸ್ಸು. "ವಾಸನೆಗೆ ಕೊಬ್ಬಿಲ್ಲ, ಎಷ್ಟು ಬೇಕಾದ್ರೂ ತಗೊಳ್ಳಿ," ಎಂದು ಬೇಕರಿಯವನು ನಗುತ್ತಿದ್ದ.

ಇಂಥದೇ ಒಂದು ಭಾನುವಾರ ಮಗಳು ಅಪ್ಪನ ಮೀಸೆಯಲ್ಲಿ ಬನ್ನಿನ ಪುಡಿ ಕಂಡು ಕೆಂಡವಾದಳು. "ಅಮ್ಮಾ, ನೀನೇ ಹೀಗೆ ಮಾಡಿದ್ರೆ ಹೇಗೆ? ಅಪ್ಪಂಗೆ ಏನಾದ್ರೂ ಆದ್ರೆ?"

ಟೈಲರಮ್ಮ ಡಾಕ್ಟರ ಮಾತು ಹೇಳಿದಳು. ಮಗಳಿಗೆ ಸಮಾಧಾನವಾಗಲಿಲ್ಲ; ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಮಷೀನು ಸದ್ದು ಮಾಡಿತು, ಅದರ ಜೊತೆಗೆ ಗುನುಗು. ಮಗಳ ಕಣ್ಣು ತುಂಬಿತು.

ಟೈಲರಮ್ಮ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಅದರಲ್ಲಿ ಆಕೆ ತಿನ್ನದೆ ಉಳಿಸಿ ತಂದ ತನ್ನ ಅರ್ಧ ಬನ್ನು ಇತ್ತು.

"ಹೆದರಿ ಹೆದರಿ ನೀನೂ ಬಾಯಿ ಕಟ್ಕೊಂಡಿದೀಯ. ತಿನ್ನಮ್ಮ. ಅಪ್ಪ ಇಲ್ಲೇ ಇದಾರೆ."