ಮೈಕಮ್ಮನ ಗಂಟಲು

ಸಂಶೋಧಕರೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಬರುವಾಗ ಕೈಮುಗಿದುಕೊಂಡು ಬರುತ್ತಾರೆ, ಕುರ್ಚಿ ಸಿಕ್ಕಿದ ಕೂಡಲೇ ಕಾಲ ಮೇಲೆ ಕಾಲು ಹಾಕುತ್ತಾರೆ, ಹೋಗುವಾಗ ಹಳೆಯ ಫೋಟೊ ಒಂದನ್ನು ‘ನೋಡಿ ಕೊಡ್ತೀವಿ’ ಎಂದು ಚೀಲಕ್ಕೆ ಇಳಿಸುತ್ತಾರೆ. ಹೋದ ಫೋಟೊ ಹೋಯಿತು, ಹೋದವರೂ ಹೋದರು. ನಮ್ಮ ದೊಡ್ಡಮ್ಮನನ್ನು ಹುಡುಕಿಕೊಂಡು ಬಂದವರೆಲ್ಲ ಇದೇ ತಳಿ. ಅವರಿಗೆ ದೊಡ್ಡಮ್ಮ ಬೇಕಿರಲಿಲ್ಲ, ಕೊಲೆಯಾದ ಆ ನಟಿ ಬೇಕಿತ್ತು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ನನ್ನನ್ನು ಸಾಕಿ, ಹೊಲಿಗೆ ಕಲಿಯಲು ಕಳಿಸಿ, ಈ ಅಂಗಡಿ ಇಟ್ಟುಕೊಟ್ಟವಳು ಅವಳೇ. ಬೀದಿಯವರ ಬಾಯಲ್ಲಿ ಅವಳು ಮೈಕಮ್ಮ. ಬಸ್ ನಿಲ್ದಾಣದ ಮೇಲ್ಗಡೆ ಒಂದು ಗಾಜಿನ ಗೂಡು. ಅದರಲ್ಲಿ ಕುಳಿತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹೇಳುತ್ತಲೇ ಅವಳ ಅರ್ಧ ಆಯುಸ್ಸು ಕಳೆಯಿತು. ಎಂಥ ದನಿ ಅಂತೀರಿ! ಬಸ್ಸು ಕೆಟ್ಟು ನಿಂತಿದೆ ಎಂದು ಅವಳು ಹೇಳಿದರೆ ಜನ ಸಿಟ್ಟಾಗದೆ ಮತ್ತೆ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಮೈಕು ಆರಿಸಿದ ಮರುಗಳಿಗೆಯೇ ಅವಳ ನಿಜವಾದ ಬಾಯಿ ಶುರು. ಡಿಪೋ ಮ್ಯಾನೇಜರ್ ಕೂಡ ಆ ಗೂಡಿನ ಮೆಟ್ಟಿಲು ಹತ್ತುವ ಮುಂಚೆ ಕೆಳಗಿನಿಂದ ಕೆಮ್ಮುತ್ತಿದ್ದ.

ಅದಕ್ಕೂ ಮೊದಲು ಅವಳು ಸಿನಿಮಾದಲ್ಲಿದ್ದಳು. ಪರದೆಯ ಮೇಲೆ ತುಟಿ ಆಡುತ್ತದಲ್ಲ, ಆ ತುಟಿಗೆ ಸರಿಯಾಗಿ ಕತ್ತಲೆ ಕೋಣೆಯಲ್ಲಿ ನಿಂತು ಮಾತು ಹೇಳುವ ಕೆಲಸ. “ಅವಳಿಗೆ ಮುಖ ಇತ್ತು, ಗಂಟಲಿರ್ಲಿಲ್ಲ. ನನಗೆ ಗಂಟಲಿತ್ತು, ಮುಖ ಇರ್ಲಿಲ್ಲ” ಎನ್ನುತ್ತಿದ್ದಳು ದೊಡ್ಡಮ್ಮ. ಆ ನಟಿ ಬಾಯಿ ತೆರೆದರೆ ಗರಗಸ ಎಳೆದ ಹಾಗೆ ಕೇಳಿಸುತ್ತಿತ್ತಂತೆ. ನಟಿಯ ಗಂಡನೇ ನಿರ್ಮಾಪಕ; ಎಲ್ಲರೂ ಅವನನ್ನು ಯಜಮಾನ್ರು ಎನ್ನುತ್ತಿದ್ದರು. ನಾನು ಅನ್ನುವುದಿಲ್ಲ. ಅವನು ಒಬ್ಬಳ ಮುಖಕ್ಕೆ ಇನ್ನೊಬ್ಬಳ ಗಂಟಲು ಹೊಲಿದ. ಪತ್ರಿಕೆಗಳು ನಟಿಯನ್ನು ‘ಜೇನುಗಂಟಲು’ ಎಂದು ಹೊಗಳಿದವು. ಗುಟ್ಟು ಬಯಲಾಗಬಾರದಲ್ಲ, ಹೆಂಡತಿಗೆ ಮನೆ, ಸ್ಟುಡಿಯೊ ಬಿಟ್ಟು ಹೊರಗೆಲ್ಲೂ ಬಾಯಿಬಿಡಲು ಬಿಡುತ್ತಿರಲಿಲ್ಲ. ದೊಡ್ಡಮ್ಮನನ್ನು ತನ್ನ ಮನೆಯ ಕೆಳಗಿನ ಕೋಣೆಯಲ್ಲಿಟ್ಟು, ಕೇಳಿದವರಿಗೆ ಅಡುಗೆಯವಳು ಎನ್ನುತ್ತಿದ್ದ. ಅವಳಿಗೆ ಆಗಲೂ ಅಡುಗೆ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಆ ಇಬ್ಬರು ಹೆಂಗಸರು ಎಣ್ಣೆ ಸೀಗೇಕಾಯಿ. ನಟಿ ಇವಳನ್ನು ‘ಕಾಗೆ’ ಎಂದು ಕರೆದರೆ ಇವಳು ಅವಳನ್ನು ‘ಮೂಗಿ’ ಎನ್ನುತ್ತಿದ್ದಳು. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆ ಕಡೆ ಮುಖ ತಿರುಗಿಸಿ ದಾಟುತ್ತಿದ್ದರಂತೆ.

ಕೊನೆಯ ಚಿತ್ರದ ಮಾತುಗಳ ಕೆಲಸ ಇನ್ನೂ ನಡೆಯುತ್ತಿದ್ದಾಗಿನ ಮಾತು. ಒಂದು ಮಧ್ಯಾಹ್ನ ದೊಡ್ಡಮ್ಮ ಸ್ಟುಡಿಯೊದಿಂದ ಬಂದಾಗ ನಿರ್ಮಾಪಕ ಕಾರು ಹತ್ತುತ್ತಿದ್ದ. “ಅಮ್ಮಾವ್ರು ಮಲಗಿದ್ದಾರೆ, ಮೇಲೆ ಹೋಗ್ಬೇಡ. ಆ ಜಗಳದ ಡೈಲಾಗ್ ಇನ್ನೂ ಕೂತಿಲ್ಲ ನಿನಗೆ. ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡ್ಕೊ” ಎಂದು ಹೇಳಿ ಹೋದ. ಅವಳು ಕಿಟಕಿ ತೆರೆದಿಟ್ಟು ಸಂಜೆವರೆಗೂ ಅದನ್ನೇ ಹೇಳಿದಳು: “ನಾನೆಲ್ಲೂ ಹೋಗೋದಿಲ್ಲ. ಇದು ನನ್ನ ಮನೆ. ಹೋಗೋದಾದ್ರೆ ನೀನು ಹೋಗು.”

ಕತ್ತಲಾದ ಮೇಲೆ ನಿರ್ಮಾಪಕ ನಾಲ್ಕು ಜನರ ಜೊತೆ ಮರಳಿ ಬಂದ. ಮೇಲಿನ ಕೋಣೆಯಲ್ಲಿ ನಟಿ ಸತ್ತು ಬಿದ್ದಿದ್ದಳು. ಕತ್ತು ಹಿಸುಕಿದ್ದರು.

ಎದುರು ಮನೆಯಲ್ಲಿ ಒಬ್ಬ ನರ್ಸು ಇದ್ದಳು. ಆಕೆ ಸುಳ್ಳು ಹೇಳಲಿಲ್ಲ, ಕೇಳಿದ್ದನ್ನು ಹೇಳಿದಳು: ಗಂಡ ಕಾರು ಹತ್ತಿ ಹೋದ ಮೇಲೂ ನಟಿ ಯಾರನ್ನೋ ಬೈಯುತ್ತಿದ್ದಳು, ಸಿನಿಮಾದಲ್ಲಿ ಕೇಳಿದ ಅದೇ ಜೇನುಗಂಟಲು, ‘ಇದು ನನ್ನ ಮನೆ, ನೀನು ಹೋಗು’ ಎನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು. ಗಂಡ ಹೋದಾಗ ಹೆಂಡತಿ ಬದುಕಿದ್ದಳು, ಹಾಗಾಗಿ ಗಂಡ ನಿರಪರಾಧಿ. ಪೊಲೀಸರು ಯಾವನೋ ಅಪರಿಚಿತನನ್ನು ಹುಡುಕಲು ಹೊರಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಇಲ್ಲದವನನ್ನು ಎಲ್ಲಿ ಹುಡುಕುತ್ತಾರೆ?

ದೊಡ್ಡಮ್ಮ ಮರುದಿನವೇ ಠಾಣೆಗೆ ಹೋದಳು. ಆ ದನಿ ನನ್ನದು ಎಂದಳು. ಇನ್ಸ್‌ಪೆಕ್ಟರ್ ನಕ್ಕು, “ಎಲ್ಲಿ, ಹೇಳಮ್ಮ ನೋಡೋಣ” ಎಂದ. ಹೇಳಿದಳು. ಠಾಣೆಯಲ್ಲಿದ್ದವರೆಲ್ಲ ಬಾಯಿ ತೆರೆದುಕೊಂಡು ನಿಂತರು. ಪಕ್ಕದಲ್ಲೇ ಕುಳಿತಿದ್ದ ನಿರ್ಮಾಪಕ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, “ನೋಡಿದ್ರಾ ಸಾರ್, ನಮ್ಮ ಅಡುಗೆಯವಳು ಮಿಮಿಕ್ರಿ ಚೆನ್ನಾಗಿ ಮಾಡ್ತಾಳೆ” ಎಂದ. ಚಪ್ಪಾಳೆ ಬಿತ್ತಂತೆ. ಅವಳ ಕಸುಬೇ ಅವಳ ಕತ್ತಿಗೆ ಬಂತು. ಎಷ್ಟು ಚೆನ್ನಾಗಿ ಹೇಳಿದಳೋ ಅಷ್ಟೂ ಸುಳ್ಳುಗಾತಿಯಾದಳು.

ಅವನು ದುಃಖದ ನೆಪ ಹೇಳಿ ಆ ಚಿತ್ರದ ರೀಲುಗಳನ್ನೆಲ್ಲ ಸುಟ್ಟುಹಾಕಿದ. ಯಾವ ಸ್ಟುಡಿಯೊವೂ ದೊಡ್ಡಮ್ಮನನ್ನು ಒಳಗೆ ಬಿಡದ ಹಾಗೆ ಮಾಡಿದ. ಗುಟ್ಟು ಗೊತ್ತಿದ್ದವರೆಲ್ಲ ಅವನ ಸಂಬಳದವರು, ಬಾಯಿ ಬಿಡಲಿಲ್ಲ. ಅವಳು ಬಸ್ ನಿಲ್ದಾಣ ಸೇರಿದಳು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ಅವಳು ಅದನ್ನು ಒಪ್ಪಲಿಲ್ಲ. ಕಂಡಕ್ಟರುಗಳಿಗೆ, ವಕೀಲರಿಗೆ, ಬಟ್ಟೆ ಹೊಲಿಸಲು ಬಂದವರಿಗೆ, ಎಲ್ಲರಿಗೂ ಹೇಳಿದಳು. ಆ ಸಂಜೆಯ ದನಿ ತನ್ನದೆಂದು ಒಬ್ಬರಾದರೂ ಒಪ್ಪಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. “ಹಾಳಾಗ್ಲಿ ಬಿಡು ದೊಡ್ಡಮ್ಮ, ನಿನಗೆ ಅವಳನ್ನ ಕಂಡ್ರೆ ಆಗ್ತಾನೇ ಇರ್ಲಿಲ್ವಲ್ಲ” ಎಂದು ನಾನೊಮ್ಮೆ ಹೇಳಿದ್ದಕ್ಕೆ ಕೈಯಲ್ಲಿದ್ದ ಲೋಟ ಕುಕ್ಕಿದಳು.

“ಆಗ್ತಿರ್ಲಿಲ್ಲ. ಈಗ್ಲೂ ಆಗಲ್ಲ. ಹಾಗಂತ ಅವಳ ಕತ್ತು ಹಿಸುಕಿದವನು ನನ್ನ ಗಂಟಲು ಹಿಡ್ಕೊಂಡು ಪಾರಾಗ್ಬೇಕೇನೆ?”

ಪಾರಾದ. ಹಾರ ತುರಾಯಿ ಹಾಕಿಸಿಕೊಂಡು, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಮಂಚದ ಮೇಲೆ ಸತ್ತ.

ಈ ಸಲ ಬಂದ ಸಂಶೋಧಕ ಹಿಂದೆಯೂ ಒಮ್ಮೆ ಬಂದಿದ್ದವನೇ. ಆಗ ನಮ್ಮ ಮನೆಯ ಟೀ ಕುಡಿದು ಹೋಗಿ, ‘ಬುದ್ಧಿ ಸ್ತಿಮಿತವಿಲ್ಲದ ಅಡುಗೆಯವಳು’ ಎಂದು ಬರೆದಿದ್ದ. ಅವನ ಮುಖ ಕಂಡೊಡನೆ ನಾನು ಕತ್ತರಿ ಕೆಳಗಿಡದೆ, “ಏನ್ಸಾರ್, ಇನ್ನೂ ಏನಾದ್ರೂ ಬರೆಯೋದು ಬಾಕಿ ಇದೆಯಾ?” ಎಂದೆ. ಅವನು ನಾಚಲಿಲ್ಲ. ದೊಡ್ಡದೊಂದು ಟೇಪ್ ಯಂತ್ರವನ್ನು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಗಿರಾಕಿಯ ಹೊಸ ರೇಷ್ಮೆಯ ಮೇಲೇ ಇಟ್ಟ.

ವಿಷಯ ಇಷ್ಟು. ಆ ಸ್ಟುಡಿಯೊದಲ್ಲಿ ಧ್ವನಿ ಮುದ್ರಿಸುತ್ತಿದ್ದ ರೆಕಾರ್ಡಿಸ್ಟ್ ಮಹಾ ಜುಗ್ಗ. ಸರಿಬಂದ ಮಾತುಗಳು ಫಿಲ್ಮಿಗೆ ಹೋದವು, ಫಿಲ್ಮಿನ ಜೊತೆ ಸುಟ್ಟೂ ಹೋದವು. ಕೆಟ್ಟುಹೋದ ಟೇಕುಗಳ ಟೇಪನ್ನು ಅಳಿಸಿ ಇನ್ನೊಂದು ಚಿತ್ರಕ್ಕೆ ಬಳಸಬಹುದೆಂದು ಅವನು ಮನೆಯ ಅಟ್ಟಕ್ಕೆ ಎಸೆದು, ಮರೆತು, ಸತ್ತಿದ್ದ. ಅವನ ಮಗಳು ಅದನ್ನು ಇವನಿಗೆ ಕೊಟ್ಟಿದ್ದಳು. ಆ ಚಿತ್ರದ ಪೈಕಿ ಉಳಿದದ್ದು ಅದರ ತಪ್ಪುಗಳು ಮಾತ್ರ.

“ಆ ಮನೇಲಿದ್ದವರಲ್ಲಿ ಈಗ ಉಳಿದಿರೋದು ನೀವೊಬ್ರೇ. ಇದು ಯಾವ ಸನ್ನಿವೇಶ ಅಂತ ಹೇಳಿದ್ರೆ ಸಾಕು. ಕಳೆದುಹೋದ ಚಿತ್ರದ ಜೇನುಗಂಟಲನ್ನ ನಾನು ಮೊದಲ ಸಲ ಜಗತ್ತಿಗೆ ಕೇಳಿಸ್ತಿದ್ದೀನಿ” ಎಂದ ದೊಡ್ಡಮ್ಮನಿಗೆ. ಎದೆ ಉಬ್ಬಿತ್ತು.

“ಕೇಳಿಸಪ್ಪ” ಎಂದು ದೊಡ್ಡಮ್ಮ ಗುಂಡಿಗಳ ಡಬ್ಬವನ್ನು ಪಕ್ಕಕ್ಕೆ ಸರಿಸಿ ಕುಳಿತಳು.

ಟೇಪು ತಿರುಗಿತು. ಮೊದಲು ಕರಕರ ಸದ್ದು. ಆಮೇಲೆ ಜೇನು: “ನಾನೆಲ್ಲೂ ಹೋಗೋದಿಲ್ಲ. ಇದು ನನ್ನ…” ಅಷ್ಟಕ್ಕೇ ಕೆಮ್ಮು. ಅದರ ಬೆನ್ನಿಗೇ ಅದೇ ಗಂಟಲು ಕಿರುಚಿತು: “ಏನ್ರೀ, ಕಿವೀಲಿ ಹತ್ತಿ ಇಟ್ಕೊಂಡಿದ್ದೀರಾ? ಆ ಫ್ಯಾನ್ ಆರ್ಸಿ ಅಂತ ಎಷ್ಟು ಸಲ ಬಡ್ಕೊಳ್ಳಿ? ಧೂಳೆಲ್ಲ ನನ್ನ ಬಾಯಿಗೇ ಬರ್ತಿದೆ!”

ನಾನು ನಕ್ಕುಬಿಟ್ಟೆ. ಈ ಬೈಗುಳ ಕೇಳಿಕೊಂಡೇ ಬೆಳೆದವಳು ನಾನು. ಸಂಶೋಧಕ ದೊಡ್ಡಮ್ಮನ ಮುಖ ನೋಡಿದ, ಟೇಪು ನೋಡಿದ, ಮತ್ತೆ ದೊಡ್ಡಮ್ಮನ ಮುಖ ನೋಡಿದ. ಅವನ ಎದೆ ಇಳಿದಿತ್ತು.

ಅಷ್ಟರಲ್ಲಿ ಟೇಪಿನೊಳಗೆ, ಮೈಕಿನಿಂದ ದೂರ, ಇನ್ನೊಂದು ದನಿ ಬಂತು. ಒರಟು, ಸವೆದದ್ದು. “ಏ ಕಾಗೆ, ಆ ಮಾತಲ್ಲಿ ಯಾಕೆ ಅಳ್ತೀಯ? ಅವಳು ಬೇಡ್ಕೊಳ್ತಿಲ್ಲ, ಓಡಿಸ್ತಿದ್ದಾಳೆ.”

“ಇದ್ಯಾರೋ ಗಂಡಸು ಮಧ್ಯ ಬಂದಿದ್ದಾನೆ. ಮುಂದಕ್ಕೆ ಓಡಿಸ್ತೀನಿ” ಎಂದು ಸಂಶೋಧಕ ಯಂತ್ರದ ಗುಂಡಿಗೆ ಕೈ ಹಾಕಿದ. ದೊಡ್ಡಮ್ಮ ಅವನ ಕೈಯ ಮೇಲೆ ಛಟೀರನೆ ಹೊಡೆದಳು.

“ಹಾಗಾದ್ರೆ ನೀವೇ ಹೇಳಿ ಹೀರೋಯಿನ್ನಮ್ಮ” ಎಂದಿತು ಟೇಪಿನೊಳಗಿನ ದೊಡ್ಡಮ್ಮ. “ಜನ ಕೇಳಿ ಎದ್ದು ಓಡ್ಲಿ.”

ಹೆಜ್ಜೆಗಳು ಮೈಕಿನ ಹತ್ತಿರ ಬಂದವು. ಆ ಒರಟು ದನಿ ಒಂದು ಉಸಿರು ಎಳೆದುಕೊಂಡು ಹೇಳಿತು: “ನಾನೆಲ್ಲೂ ಹೋಗೋದಿಲ್ಲ. ಇದು ನನ್ನ ಮನೆ. ಹೋಗೋದಾದ್ರೆ ನೀನು ಹೋಗು.” ಟೇಪಿನೊಳಗೆ ಯಾರೂ ನಗಲಿಲ್ಲ.

“ಅವಳೇ” ಎಂದಳು ದೊಡ್ಡಮ್ಮ. “ಇಷ್ಟು ವರ್ಷ ಹುಡುಕಿದ್ರಲ್ಲ, ಅವಳೇ. ಗಂಡಸು ಅಂತ ಓಡಿಸೋಕೆ ಹೋದ್ರಲ್ಲ.”

ಅವನು ಟೇಪು ನಿಲ್ಲಿಸಿದ. “ಹಾಗಾದ್ರೆ… ನರ್ಸು ಆ ಸಂಜೆ ಕೇಳಿದ್ದು…”

“ಹೇಳಿ. ನಿಮ್ಮ ಬಾಯಲ್ಲೇ ಬರ್ಲಿ.”

“ನಿಮ್ಮ ದನಿ” ಎಂದ. “ಅವರು ಆಗ್ಲೇ ಸತ್ತಿದ್ರು.”

ಅದೊಂದು ಮಾತಿಗಾಗಿ ಅವಳು ಜೀವಮಾನವಿಡೀ ಊರಿನವರೆಲ್ಲರ ಜೊತೆ ಜಗಳ ಕಾದಿದ್ದಳು. ಈಗ ಬೈಯುತ್ತಾಳೆ, ಅವನ ಕಾಲರ್ ಹಿಡಿಯುತ್ತಾಳೆ, ಅವನು ‘ಅಡುಗೆಯವಳು’ ಎಂದು ಬರೆದದ್ದರ ಲೆಕ್ಕ ಚುಕ್ತಾ ಮಾಡುತ್ತಾಳೆ ಎಂದು ನಾನು ಕಾದೆ. ಅವನೂ ತಲೆ ತಗ್ಗಿಸಿ ಕಾದ. ಜೇಬಿನಿಂದ ಸಣ್ಣ ಮೈಕು ತೆಗೆದು, “ಅಮ್ಮ, ನಡೆದದ್ದೆಲ್ಲ ನಿಮ್ಮ ದನೀಲೇ ಹೇಳಿ, ಈ ಸಲ ಹಾಗೇ ಬರೀತೀನಿ” ಎಂದು ಅವಳ ಮುಂದೆ ಹಿಡಿದ.

ಅವಳು ಮೈಕನ್ನು ಪಕ್ಕಕ್ಕೆ ತಳ್ಳಿದಳು.

“ನನ್ನ ದನಿ ಸಾಕಷ್ಟು ಕೇಳಿದ್ದೀರಿ. ಅವಳದ್ದು ಹಾಕಿ.”

ಅವನು ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದ. ದೊಡ್ಡಮ್ಮ ಯಂತ್ರದ ಹತ್ತಿರ ಕಿವಿ ತಂದು, ಕಣ್ಣು ಮುಚ್ಚಿ, ಆ ಗರಗಸದ ದನಿಯ ಜೊತೆಜೊತೆಗೇ ತುಟಿ ಆಡಿಸಿದಳು. ಸದ್ದು ಮಾಡಲಿಲ್ಲ. ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಹಾಳಾದವಳು” ಎಂದಳು. “ನನಗಿಂತ ಚೆನ್ನಾಗಿ ಹೇಳಿದ್ದಾಳೆ. ಇನ್ನೊಂದ್ಸಲ ಹಾಕಿ.”